ಹಳೆಯ ಅಂಬಾಸಿಡರ್‌ನ ಕ್ಯಾಮ್‌ಶಾಫ್ಟ್ ಸವೆತ: ಪತ್ತೆ ಮಾಡುವ ಮತ್ತು ಬದಲಿಸುವ ಕ್ರಮ

ಟ್ಯಾಪೆಟ್ ಎಷ್ಟು ಸಲ ಅಡ್ಜಸ್ಟ್ ಮಾಡಿಸಿದರೂ ಎಂಜಿನ್‌ನ ಟಕಟಕ ಸದ್ದು ನಿಲ್ಲುವುದಿಲ್ಲ, ಘಾಟಿ ಏರುವಾಗ ಗಾಡಿ ಎಳೆಯುವುದಿಲ್ಲ, ಏನು ಮಾಡಬೇಕು ಎಂಬ ಪ್ರಶ್ನೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಇಂಥ ದೂರುಗಳಲ್ಲಿ ಕೆಲವು ರಾಕರ್ ರಿಪೇರಿಯಿಂದಲೇ ಮುಗಿಯುತ್ತವೆ. ಇನ್ನು ಕೆಲವಕ್ಕೆ ಎಂಜಿನ್ ಇಳಿಸಿ ಕ್ಯಾಮ್‌ಶಾಫ್ಟ್ ಹೊರತೆಗೆಯದೆ ಬೇರೆ ದಾರಿಯಿಲ್ಲ. ಎರಡಕ್ಕೂ ತಗಲುವ ಖರ್ಚಿನಲ್ಲಿ ಭಾರಿ ಅಂತರವಿರುವುದರಿಂದ, ಸದ್ದು ಕೇಳಿಯೇ ತೀರ್ಮಾನಿಸುವ ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿದ್ದರೂ, ಅಳತೆ ತೆಗೆದು ತೋರಿಸುವವರೆಗೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಇಲ್ಲಿ ಹೇಳಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಅಂಬಾಸಿಡರ್‌ಗೆ, ಅಂದರೆ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಇರುವ ಗಾಡಿಗೆ ಅನ್ವಯಿಸುತ್ತದೆ. ಮುಂದೆ ಬಂದ ಇಸುಝು 1.8 ಲೀಟರ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಹೆಡ್‌ನ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗದ) ಮೇಲಿರುವುದರಿಂದ ಅದರ ಕ್ರಮವೇ ಬೇರೆ. ಪ್ರೀಮಿಯರ್ ಪದ್ಮಿನಿಯ ಎಂಜಿನ್‌ಗೆ ಪರೀಕ್ಷೆಯ ತತ್ತ್ವವೆಲ್ಲ ಹೊಂದುತ್ತದೆಯಾದರೂ ಬಿಚ್ಚುವುದಕ್ಕೆ ಅದರದೇ ಕೈಪಿಡಿಯನ್ನು ಅನುಸರಿಸಬೇಕು.

ಮೊದಲು ಭಾಗಗಳ ಪರಿಚಯ. ಕ್ಯಾಮ್‌ಶಾಫ್ಟ್ (ಚುಟುಕಾಗಿ ಕ್ಯಾಮ್) ಎಂದರೆ ಬ್ಲಾಕ್‌ನ, ಅಂದರೆ ಸಿಲಿಂಡರ್‌ಗಳಿರುವ ಎಂಜಿನ್‌ನ ಮುಖ್ಯ ಒಡಲಿನ, ಒಳಗೆ ಒಂದು ಪಕ್ಕದಲ್ಲಿ ಉದ್ದಕ್ಕೆ ಮಲಗಿರುವ ಕಬ್ಬಿಣದ ದಂಡ. ಟೈಮಿಂಗ್ ಚೈನ್ ಇದನ್ನು ಕ್ರ್ಯಾಂಕ್‌ಶಾಫ್ಟ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಅರ್ಧ ವೇಗದಲ್ಲಿ ತಿರುಗಿಸುತ್ತದೆ. ದಂಡದ ಮೇಲೆ, ಅಡ್ಡ ಸೀಳಿದರೆ ಕೋಳಿಮೊಟ್ಟೆಯ ಆಕಾರ ಕಾಣುವ ಎಂಟು ಉಬ್ಬುಗಳಿವೆ, ಇವೇ ಲೋಬ್‌ಗಳು. ಮೊಟ್ಟೆಯ ಚೂಪು ತುದಿಯನ್ನು ಮೂಗು ಎಂದೂ, ದುಂಡಗಿನ ಹಿಂಭಾಗವನ್ನು ಹಿಮ್ಮಡಿ ಎಂದೂ ಈ ಲೇಖನದಲ್ಲಿ ಕರೆಯುತ್ತೇನೆ. ಲೋಬ್ ಮೇಲೆ ಕುಳಿತ ಲೋಟದಂಥ ತುಂಡು ಟ್ಯಾಪೆಟ್. ಅದು ಪುಶ್‌ರಾಡ್ ಎಂಬ ಕಡ್ಡಿಯನ್ನು ಮೇಲೆತ್ತುತ್ತದೆ, ಕಡ್ಡಿ ರಾಕರನ್ನು ತಳ್ಳುತ್ತದೆ, ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಟ್ಯಾಪೆಟ್ ಎತ್ತಲ್ಪಡುವ ಪ್ರಮಾಣಕ್ಕೆ ಲಿಫ್ಟ್ ಎನ್ನುತ್ತಾರೆ. ವಾಲ್ವ್ ಮುಚ್ಚಿರುವಾಗ ಅದಕ್ಕೂ ರಾಕರ್‌ನ ತುದಿಗೂ ನಡುವೆ ಬಿಡುವ ಸಣ್ಣ ಸಂದಿಯೇ ಟ್ಯಾಪೆಟ್ ಗ್ಯಾಪ್.

ಓದುಗರು ಎಡವುವುದು ಮುಖ್ಯವಾಗಿ ಇಲ್ಲಿಯೇ. ಟ್ಯಾಪೆಟ್ ಗ್ಯಾಪ್ ಇಡುವಾಗ ಟ್ಯಾಪೆಟ್ ಕುಳಿತಿರುವುದು ಲೋಬ್‌ನ ಹಿಮ್ಮಡಿಯ ಮೇಲೆ, ಸವೆಯುವುದಾದರೋ ಮೂಗು. ಆದ್ದರಿಂದ ಮೂಗು ಪೂರ್ತಿ ಬೋಳಾಗಿದ್ದರೂ, ಸಂದಿ ಅಳೆಯುವ ತೆಳು ಅಲಗುಗಳ ಫೀಲರ್ ಗೇಜ್ ಗ್ಯಾಪ್ ಸರಿಯಿದೆ ಎಂದೇ ತೋರಿಸುತ್ತದೆ. ಗ್ಯಾಪ್ ಸರಿಯಿದೆ, ಹಾಗಾಗಿ ಕ್ಯಾಮ್ ಸರಿಯಿದೆ ಎಂಬ ಮಾತಿಗೆ ಆಧಾರವೇ ಇಲ್ಲ.

ಮಲೆನಾಡಿನ ಗಾಡಿಗಳಲ್ಲಿ ಸವೆತಕ್ಕೆ ಕಾರಣ

ಕಾರಣ ತಿಳಿಯದೆ ಹೊಸ ಕ್ಯಾಮ್ ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ನಮ್ಮ ಕಡೆ ಇಂಥ ಗಾಡಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಂತಿರುತ್ತವೆ, ಇಲ್ಲವೇ ಪೇಟೆಗೆ ನಾಲ್ಕು ಮೈಲಿ ಹೋಗಿ ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಹಿಂತಿರುಗುತ್ತವೆ. ಆಯಿಲ್ ತುಂಬುವ ಮುಚ್ಚಳವನ್ನು ತಿರುಗಿಸಿ ಒಳಮೈ ನೋಡಿ: ಹಾಲಿನ ಕೆನೆಯ ಬಣ್ಣದ ಲೇಪ ಅಂಟಿದ್ದರೆ ಎಂಜಿನ್‌ನೊಳಗೆ ತೇವ ನಿಂತಿದೆ ಎಂದರ್ಥ. (ಅದರೊಂದಿಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನು ಅನುಮಾನಿಸಬೇಕು, ಅದು ಬೇರೆಯೇ ಕೆಲಸ.) ಆ ತೇವ ಲೋಬ್‌ಗಳ ಮೇಲೆ ತುಕ್ಕಿನ ಚುಕ್ಕೆಗಳನ್ನು ಎಬ್ಬಿಸುತ್ತದೆ, ಮಳೆ ಮುಗಿದು ಗಾಡಿ ಓಡತೊಡಗಿದಾಗ ಆ ಚುಕ್ಕೆಗಳು ಟ್ಯಾಪೆಟ್‌ನ ತಳವನ್ನು ಅರದಂತೆ ಕೆರೆಯುತ್ತವೆ.

ಎರಡನೆಯ ಕಾರಣ ಪೆಟ್ರೋಲ್ ಪಂಪ್. ಕ್ಯಾಮ್‌ಶಾಫ್ಟ್‌ನಿಂದಲೇ ನಡೆಯುವ ಮೆಕ್ಯಾನಿಕಲ್ ಪಂಪ್‌ನೊಳಗೆ ಡಯಾಫ್ರಮ್ ಎಂಬ ಹಾಳೆಯಿದೆ. ಅದು ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್‌ಗೆ ಇಳಿಯುತ್ತದೆ. ಈಗ ಬಂಕ್‌ಗಳಲ್ಲಿ ಸಿಗುತ್ತಿರುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರಿಗೆ ಹಿಡಿಸುವುದಿಲ್ಲವಾದ್ದರಿಂದ ಈ ತೊಂದರೆಯನ್ನು ಕಡೆಗಣಿಸುವಂತಿಲ್ಲ. ಆಯಿಲ್ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆಯಿದ್ದು ಮಟ್ಟವೂ ತಾನಾಗಿ ಏರಿದ್ದರೆ ಮೊದಲು ಪಂಪನ್ನು ಸರಿಪಡಿಸಿ. ಮೂರನೆಯ ಕಾರಣವಾದ ಆಯಿಲ್ ಆಯ್ಕೆಯ ವಿಷಯ ಕೊನೆಯ ಹಂತದಲ್ಲಿ ಬರುತ್ತದೆ.

ಬೇಕಾದ ಸಲಕರಣೆ

ಫೀಲರ್ ಗೇಜ್, ಅಯಸ್ಕಾಂತದ ಸ್ಟ್ಯಾಂಡ್ ಇರುವ ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಅಳತೆಗೋಲು), ಟಾರ್ಕ್ ರೆಂಚ್, ಪುಲ್ಲರ್, ಎಂಜಿನ್ ಎತ್ತಲು ಚೈನ್ ಪುಲ್ಲಿ, ಗಾಡಿಯ ಕೈಪಿಡಿ ಇವು ಅಗತ್ಯ. ಸ್ಪ್ಯಾನರ್‌ಗಳು ಇಂಚಿನ ಅಳತೆಯವೇ ಆಗಬೇಕು. ಮಿಲಿಮೀಟರ್ ಸ್ಪ್ಯಾನರ್ ಹತ್ತಿರಹತ್ತಿರ ಕೂರುತ್ತದೆ ಎಂದು ಬಳಸಿದರೆ ಬೋಲ್ಟ್‌ನ ತಲೆ ದುಂಡಗಾಗುತ್ತದೆ. ಚೈನ್ ಪುಲ್ಲಿಯನ್ನು ಹೆಂಚಿನ ಮನೆಯ ತೊಲೆಗೆ ಕಟ್ಟುವ ರೂಢಿಯನ್ನು ದಯವಿಟ್ಟು ಬಿಡಿ. ಮಳೆ ಕುಡಿದ ಹಳೆಯ ಮರ ಹೊರಗೆ ಗಟ್ಟಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ಕಬ್ಬಿಣದ ಮೂರುಕಾಲಿನ ಸ್ಟ್ಯಾಂಡ್ ಬಾಡಿಗೆಗೆ ತರುವುದೇ ಕ್ಷೇಮ.

ಹಂತ 1: ಸುಲಭದ ಕಾರಣಗಳನ್ನು ಹೊರಗಿಡುವುದು

ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ರಾಕರ್ ಕವರ್ ತೆಗೆದು, ಒಂದೊಂದೇ ರಾಕರ್‌ನ ತುದಿ ಮತ್ತು ವಾಲ್ವ್‌ನ ನಡುವೆ ಫೀಲರ್ ಗೇಜ್‌ನ ತೆಳು ಅಲಗನ್ನು ತೂರಿಸಿ. ಯಾವುದಾದರೊಂದು ಕಡೆ ಸದ್ದು ಅಡಗಿದರೆ ಗ್ಯಾಪ್ ಹೆಚ್ಚಿರುವುದು ಅಲ್ಲಿಯೇ. ಎಂಜಿನ್ ನಿಲ್ಲಿಸಿ ಆ ರಾಕರ್‌ನ ತುದಿಯನ್ನು ಬೆರಳಿನಿಂದ ಸವರಿ ನೋಡಿ. ವಾಲ್ವ್ ತಾಗುವ ಜಾಗದಲ್ಲಿ ಸಣ್ಣ ಗುಳಿ ಬಿದ್ದಿದ್ದರೆ, ಚಪ್ಪಟೆ ಅಲಗು ಗುಳಿಯ ಅಂಚಿನ ಮೇಲೆ ಮಾತ್ರ ಕೂತು ಒಳಗಿನ ಆಳವನ್ನು ಬಿಟ್ಟುಬಿಡುತ್ತದೆ; ಹೀಗಾಗಿ ನೀವಿಟ್ಟ ಗ್ಯಾಪ್‌ಗಿಂತ ನಿಜವಾದ ಗ್ಯಾಪ್ ಹೆಚ್ಚಿರುತ್ತದೆ. ರಾಕರನ್ನು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಸಿಕ್ಕಿದರೆ ಬುಷ್ ಮತ್ತು ಶಾಫ್ಟ್ ಸವೆದಿವೆ. ಇವೆಲ್ಲ ಮೇಲುಭಾಗದ ರಿಪೇರಿ; ಇವಕ್ಕೆ ಎಂಜಿನ್ ಇಳಿಸಬೇಕಿಲ್ಲ.

ಎಳೆತ ಕಡಿಮೆಯಾದ ದೂರಿದ್ದರೆ ಪ್ಲಗ್, ಪ್ಲಗ್ ವೈರ್, ಪಾಯಿಂಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಸೋರಿಕೆ ಇವನ್ನು ಮೊದಲು ನೋಡಿ ಮುಗಿಸಿ. ಇವೆಲ್ಲ ಸರಿಯಿದ್ದೂ ಕಾರ್ಬ್ಯುರೇಟರ್‌ನೊಳಗೆ ಒಂದೇ ತಾಳದಲ್ಲಿ ಪಟ್ ಪಟ್ ಎಂದು ಹಿಂದಕ್ಕೆ ಸಿಡಿಯುತ್ತಿದ್ದರೆ ಎಕ್ಸಾಸ್ಟ್ ಲೋಬ್ ಮೇಲೆ, ಅಂದರೆ ಹೊಗೆ ಹೊರಬಿಡುವ ವಾಲ್ವ್‌ನ ಲೋಬ್ ಮೇಲೆ ಅನುಮಾನ ಪಡಬೇಕು. ಎಕ್ಸಾಸ್ಟ್ ವಾಲ್ವ್ ಸಾಕಷ್ಟು ತೆರೆಯದಿದ್ದಾಗ ಸುಟ್ಟ ಅನಿಲ ಸಿಲಿಂಡರ್‌ನಲ್ಲೇ ಉಳಿದು, ಪೆಟ್ರೋಲ್ ಮಿಶ್ರಣ ಒಳಬಿಡುವ ಇನ್‌ಲೆಟ್ ವಾಲ್ವ್ ತೆರೆದೊಡನೆ ಆ ಕಡೆಗೆ ನುಗ್ಗುತ್ತದೆ.

ಹಂತ 2: ಲಿಫ್ಟ್ ಅಳೆಯುವುದು

ನಾಲ್ಕೂ ಪ್ಲಗ್ ಬಿಚ್ಚಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ. ವಾಲ್ವ್‌ಗಳನ್ನು ರೇಡಿಯೇಟರ್ ಕಡೆಯಿಂದ 1ರಿಂದ 8ರವರೆಗೆ ಎಣಿಸಿ. 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್. ಯಾವ ವಾಲ್ವ್ ಪೂರ್ತಿ ಮುಚ್ಚಿದೆ ಎಂದು ತಿಳಿಯಲು ಒಂಬತ್ತರ ಲೆಕ್ಕ ಸಾಕು: 8ನೆಯದು ಪೂರ್ತಿ ತೆರೆದಾಗ 1ನೆಯದು ಹಿಮ್ಮಡಿಯ ಮೇಲಿರುತ್ತದೆ, 6 ತೆರೆದಾಗ 3, 7 ತೆರೆದಾಗ 2, ಹೀಗೆ ಎರಡರ ಮೊತ್ತ ಯಾವಾಗಲೂ ಒಂಬತ್ತು.

ಅಳೆಯುವ ವಾಲ್ವ್ ಹಿಮ್ಮಡಿಯ ಮೇಲಿರುವಾಗ ಅದರ ಅಡ್ಜಸ್ಟಿಂಗ್ ಸ್ಕ್ರೂವನ್ನು ಗ್ಯಾಪ್ ಮಾಯವಾಗುವಷ್ಟೇ ಬಿಗಿದು, ಡಯಲ್ ಗೇಜ್‌ನ ಕಡ್ಡಿಯನ್ನು ವಾಲ್ವ್ ಸ್ಪ್ರಿಂಗ್‌ನ ತಟ್ಟೆಯ ಮೇಲೆ, ವಾಲ್ವ್‌ನ ಕಾಂಡಕ್ಕೆ ಸಮಾನಾಂತರವಾಗಿ ನಿಲ್ಲಿಸಿ ಸೊನ್ನೆಗೆ ತನ್ನಿ. ಕಡ್ಡಿ ಓರೆಯಾಗಿ ನಿಂತರೆ ಅಳತೆ ಸುಳ್ಳಾಗುತ್ತದೆ. ಈಗ ಹ್ಯಾಂಡಲ್ ನಿಧಾನವಾಗಿ ತಿರುಗಿಸುತ್ತ ಮುಳ್ಳು ತಲುಪುವ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ. ಎಂಟೂ ಮುಗಿದ ಮೇಲೆ ಗ್ಯಾಪ್‌ಗಳನ್ನು ಕೈಪಿಡಿಯ ಅಳತೆಗೆ ಮರಳಿ ಇಡುವುದನ್ನು ಮರೆಯಬೇಡಿ.

ಇನ್‌ಲೆಟ್‌ಗಳನ್ನು ಇನ್‌ಲೆಟ್‌ಗಳೊಂದಿಗೆ, ಎಕ್ಸಾಸ್ಟ್‌ಗಳನ್ನು ಎಕ್ಸಾಸ್ಟ್‌ಗಳೊಂದಿಗೆ ಹೋಲಿಸಿ. ಈ ಎಂಜಿನ್‌ನ ರಾಕರ್ ಲೋಬ್‌ನ ಚಲನೆಯನ್ನು ಸುಮಾರು 1.4 ಪಟ್ಟು ಹಿಗ್ಗಿಸುವುದರಿಂದ, 2, 3, 6 ಒಂದೇ ಅಂಕಿ ತೋರಿಸಿ 7ನೆಯದು 0.5 ಮಿ.ಮೀ. ಕಡಿಮೆ ತೋರಿಸಿದರೆ ಆ ಲೋಬ್‌ನಲ್ಲಿ ಸುಮಾರು 0.35 ಮಿ.ಮೀ. ಹೋಗಿದೆ ಎಂದಾಯಿತು. ವಾಲ್ವ್‌ನ ಬಳಿ 0.1 ಮಿ.ಮೀ. ಆಚೀಚಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಾಲು ಮಿಲಿಮೀಟರ್ ದಾಟಿದರೆ ಆ ಕ್ಯಾಮ್‌ನ ಮೇಲೆ ಇನ್ನು ಭರವಸೆ ಇಡುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂಗಿನ ಗಟ್ಟಿ ಪದರ ಒಮ್ಮೆ ಹರಿದ ಮೇಲೆ ಒಳಗಿನ ಮೆದು ಕಬ್ಬಿಣ ಬಹಳ ಬೇಗ ಕರಗುತ್ತದೆ. ಆದರೆ ನಾಲ್ಕೂ ಒಂದೇ ಸಮನೆ ಸವೆದಿದ್ದರೆ ಈ ಹೋಲಿಕೆಯಲ್ಲಿ ಸಿಕ್ಕಿಬೀಳುವುದಿಲ್ಲವಾದ್ದರಿಂದ ಮುಂದಿನ ಹಂತವನ್ನು ಬಿಡಬಾರದು.

ಹಂತ 3: ಟ್ಯಾಪೆಟ್‌ನ ತಳ ನೋಡುವುದು

ಹೆಡ್ ಅಲುಗಿಸದೆಯೇ ಟ್ಯಾಪೆಟ್ ತೆಗೆಯಬಹುದು ಎಂಬುದು ಈ ಎಂಜಿನ್‌ನ ದೊಡ್ಡ ಅನುಕೂಲ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ಬಿಚ್ಚಿದರೆ ಬ್ಲಾಕ್‌ನ ಪಕ್ಕದಲ್ಲಿ ಎರಡು ತಗಡಿನ ಮುಚ್ಚಳಗಳು ಕಾಣುತ್ತವೆ. ಮೇಲೆ ಅಡ್ಜಸ್ಟಿಂಗ್ ಸ್ಕ್ರೂವನ್ನು ಪೂರ್ತಿ ಸಡಿಲಿಸಿ, ರಾಕರ್ ಶಾಫ್ಟ್‌ನ ಅಡಿಗೆ ಸನ್ನೆಯಂತೆ ಸ್ಕ್ರೂಡ್ರೈವರ್ ಕೊಟ್ಟು ವಾಲ್ವ್ ಸ್ಪ್ರಿಂಗನ್ನು ಒತ್ತಿ, ರಾಕರನ್ನು ಪಕ್ಕಕ್ಕೆ ಸರಿಸಿ ಪುಶ್‌ರಾಡ್ ಎಳೆಯಿರಿ. ಎಳೆಯುವಾಗ ಸ್ವಲ್ಪ ತಿರುಚಿ. ಇಲ್ಲದಿದ್ದರೆ ಆಯಿಲ್‌ನ ಅಂಟಿಗೆ ಟ್ಯಾಪೆಟ್ ಕೂಡ ಮೇಲೆ ಬಂದು ನಡುದಾರಿಯಲ್ಲಿ ಬೀಳುತ್ತದೆ. ಬಳಿಕ ಪಕ್ಕದ ಕಿಂಡಿಯಿಂದ ಟ್ಯಾಪೆಟ್ ಹೊರತೆಗೆಯಿರಿ. ರಟ್ಟಿನ ತುಂಡಿನಲ್ಲಿ ಎಂಟು ತೂತು ಮಾಡಿ, ಸಂಖ್ಯೆ ಬರೆದು, ಕಡ್ಡಿಗಳನ್ನೂ ಟ್ಯಾಪೆಟ್‌ಗಳನ್ನೂ ಆಯಾ ಜಾಗಕ್ಕೇ ಜೋಡಿಸಿ.

ಟ್ಯಾಪೆಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಳವನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಒಳ್ಳೆಯದರಲ್ಲಿ ನಡುವಿನಿಂದ ಅಂಚಿನವರೆಗೆ ನಯವಾದ ವೃತ್ತಾಕಾರದ ಹೊಳಪಿರುತ್ತದೆ. ಕೆಲಸ ಮಾಡುವಾಗ ಟ್ಯಾಪೆಟ್ ತನ್ನ ಸುತ್ತ ತಾನು ತಿರುಗುತ್ತಿದೆ ಎಂಬುದಕ್ಕೆ ಅದು ಗುರುತು. ತಿರುಗುವುದು ನಿಂತ ಟ್ಯಾಪೆಟ್‌ನಲ್ಲಿ ಒಂದೇ ನೇರ ಪಟ್ಟಿಯ ಗೀರು ಕಾಣುತ್ತದೆ, ಅದರ ಜೋಡಿಯ ಲೋಬ್ ಬಹುಮಟ್ಟಿಗೆ ಕೆಟ್ಟಿರುತ್ತದೆ. ಉಕ್ಕಿನ ಸ್ಕೇಲ್‌ನ ಅಂಚನ್ನು ತಳದ ಮೇಲಿಟ್ಟು ಬೆಳಕಿಗೆ ಹಿಡಿಯಿರಿ: ನಡುವೆ ಬೆಳಕು ತೂರಿದರೆ ತಳ ಗುಳಿಬಿದ್ದಿದೆ. ಸೂಜಿಮೊನೆಯಂಥ ಗುಂಡಿಗಳು, ಹೆಕ್ಕಳಿಕೆ ಎದ್ದ ಜಾಗ, ಯಾವುದಿದ್ದರೂ ಆ ತುಂಡು ಮತ್ತೆ ಬಳಕೆಗೆ ಬಾರದು. ಅದೇ ಕಿಂಡಿಯಿಂದ ಟಾರ್ಚ್ ಬಿಟ್ಟು, ಹ್ಯಾಂಡಲ್ ತಿರುಗಿಸುತ್ತ ಲೋಬ್‌ಗಳ ಮೂಗನ್ನೂ ನೋಡಿಬಿಡಿ.

ಹಂತ 4: ಏನನ್ನು ಕೊಳ್ಳಬೇಕು

ಹೊಸ ಕ್ಯಾಮ್‌ಗೆ ಎಂಟೂ ಹೊಸ ಟ್ಯಾಪೆಟ್. ಇದರಲ್ಲಿ ರಾಜಿಯಿಲ್ಲ. ಹಳೆಯ ಟ್ಯಾಪೆಟ್ ಹಳೆಯ ಲೋಬ್‌ನ ಸವೆತಕ್ಕೆ ಒಗ್ಗಿಕೊಂಡಿರುತ್ತದೆ. ಅದನ್ನು ಹೊಸ ಲೋಬ್ ಮೇಲೆ ಕೂರಿಸಿದರೆ ಹೊಸ ಕ್ಯಾಮ್ ಕೆಲವೇ ನೂರು ಕಿಲೋಮೀಟರ್‌ಗಳಲ್ಲಿ ಹಾಳಾಗಬಹುದು. ಚೈನ್, ಟೆನ್ಷನರ್, ಸೀಲ್, ಗ್ಯಾಸ್ಕೆಟ್ ಸೆಟ್ ಕೂಡ ಜೊತೆಗೇ ಬರಲಿ. ಬಿಡಿಭಾಗಗಳಿಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಮೊದಲು ವಿಚಾರಿಸಿ. ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಹಳೆಯ ಕ್ಯಾಮ್ ಜೊತೆಯಲ್ಲೇ ಒಯ್ದು, ಉದ್ದ, ಬೇರಿಂಗ್ ಜಾಗಗಳ ವ್ಯಾಸ, ಆಯಿಲ್ ಪಂಪ್ ತಿರುಗಿಸುವ ಗೇರ್, ಪೆಟ್ರೋಲ್ ಪಂಪ್‌ನ ಉಬ್ಬು ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಹೋಲಿಸದೆ ಹಣ ಕೊಡಬೇಡಿ. ಶಿವಮೊಗ್ಗದಿಂದ ಭದ್ರಾವತಿಯವರೆಗೆ ಎರಕದ ಕೆಲಸ ಬಲ್ಲವರಿಗೆ ಬರವಿಲ್ಲವಾದರೂ ಒಂದೇ ಒಂದು ಕ್ಯಾಮ್ ಎರಕ ಹೊಯ್ಯಿಸುವ ಉಮೇದು ಬೇಡ. ಲೋಬ್‌ನ ಗಟ್ಟಿತನವೂ ಆಕಾರವೂ ಒಟ್ಟಿಗೆ ಸರಿಬರುವುದು ಸುಲಭದ ಮಾತಲ್ಲ.

ಹೊಸದು ಸಿಗದಿದ್ದಾಗ ಹಳೆಯ ಕ್ಯಾಮನ್ನೇ ಸಾಣೆ ಹಿಡಿಸುವುದುಂಟು, ಅಂದರೆ ರೀಗ್ರೈಂಡ್. ಹಿಮ್ಮಡಿಯನ್ನು ಇನ್ನಷ್ಟು ಕಿರಿದುಗೊಳಿಸಿ ಲಿಫ್ಟ್ ಮರಳಿ ಪಡೆಯುವ ಉಪಾಯವಿದು. ಸವೆತ ಅಲ್ಪವಿದ್ದರೆ ಒಪ್ಪಬಹುದು. ಆಳವಾಗಿದ್ದರೆ ಗಟ್ಟಿ ಪದರವೇ ಹೊರಟುಹೋಗುತ್ತದೆ. ಟ್ಯಾಪೆಟ್‌ಗಳನ್ನು ಲೇತ್ ಅಂಗಡಿಯಲ್ಲಿ ಚಪ್ಪಟೆಯಾಗಿ ಉಜ್ಜಿಸುವುದಂತೂ ಬೇಡವೇ ಬೇಡ. ನೋಟಕ್ಕೆ ಚಪ್ಪಟೆಯಾಗಿ ಕಾಣುವ ಇಂಥ ತಳಕ್ಕೆ ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಉಬ್ಬು ಇಟ್ಟಿರುತ್ತಾರೆ, ಟ್ಯಾಪೆಟ್ ತಿರುಗುವುದು ಅದರ ಬಲದಿಂದ.

ಹಂತ 5: ಬಿಚ್ಚುವುದು

ಆಯಿಲ್ ಪಂಪ್ ಕ್ಯಾಮ್‌ನ ಗೇರಿಗೆ ಕೂಡಿಕೊಂಡಿರುವುದರಿಂದ ಆಯಿಲ್ ನಿಲ್ಲುವ ಕೆಳಗಿನ ಚೇಂಬರ್ ಇಳಿಸಿ ಪಂಪನ್ನೂ ಕಳಚಬೇಕಾಗುತ್ತದೆ. ಹೀಗಾಗಿ ಎಂಜಿನ್ ಹೊರಗೆ ತೆಗೆದು ಕೆಲಸ ಮಾಡುವುದೇ ಲೇಸು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ನೀರು ಮತ್ತು ಆಯಿಲ್ ಪೂರ್ತಿ ಬಸಿಯಿರಿ.

ಇಲ್ಲೊಂದು ಗಂಭೀರ ಎಚ್ಚರಿಕೆ. ರಾಕರ್ ಶಾಫ್ಟ್ ಹಿಡಿದಿರುವ ನಟ್‌ಗಳಲ್ಲಿ ನಾಲ್ಕು ದೊಡ್ಡವು ಹೆಡ್‌ನ ನಟ್‌ಗಳೂ ಹೌದು. ನೀರು ಬಸಿಯದೆ, ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಹೆಡ್ ಒಂದು ಕಡೆಗೆ ಸೆಟೆದು ಸೊಟ್ಟಗಾಗಬಹುದು, ನೀರು ಸಿಲಿಂಡರ್‌ಗೆ ಇಳಿಯಬಹುದು. ಹೆಡ್‌ನ ಎಲ್ಲ ನಟ್‌ಗಳನ್ನೂ ಕೈಪಿಡಿಯ ಕ್ರಮದಲ್ಲಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಎಂಜಿನ್ ಹೇಗೂ ಹೊರಗಿರುವುದರಿಂದ ಹೆಡ್ ಎತ್ತಿ ಹೊಸ ಗ್ಯಾಸ್ಕೆಟ್ ಹಾಕುವುದೇ ಸರಿಯಾದ ಕೆಲಸ.

ಪುಶ್‌ರಾಡ್, ಟ್ಯಾಪೆಟ್ ತೆಗೆದ ಮೇಲೆ ಪೆಟ್ರೋಲ್ ಪಂಪ್, ಡಿಸ್ಟ್ರಿಬ್ಯೂಟರ್, ಅದರ ಕೆಳಗಿನ ಡ್ರೈವ್ ದಂಡ ಹೊರಬರಬೇಕು. ದಂಡದ ತಲೆಯಲ್ಲಿ ಸ್ಕ್ರೂ ಕೂರುವ ಮರೆ (ಥ್ರೆಡ್) ಇದೆ. ಹೊಂದುವ ಉದ್ದನೆಯ ಬೋಲ್ಟ್ ತಿರುಗಿಸಿ ಎಳೆದರೆ ಬರುತ್ತದೆ. ಎಳೆಯುವ ಮೊದಲು ಅದರ ಸೀಳು ಯಾವ ದಿಕ್ಕಿಗಿದೆ ಎಂದು ಫೋಟೊ ತೆಗೆದಿಡಿ. ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಕವರ್, ಆಯಿಲ್ ಎರಚುವ ತಟ್ಟೆ, ಟೆನ್ಷನರ್ ಬಿಚ್ಚಿದ ನಂತರ ಕ್ರ್ಯಾಂಕ್ ಮತ್ತು ಕ್ಯಾಮ್‌ನ ಎರಡೂ ಹಲ್ಲಿನ ಚಕ್ರಗಳನ್ನು ಚೈನ್ ಸಮೇತ ಒಟ್ಟಿಗೆ ಸರಿಸಿ ತೆಗೆಯಿರಿ. ಆ ತಟ್ಟೆಯ ಯಾವ ಮುಖ ಹೊರಗಿತ್ತು ಎಂದು ಗುರುತಿಡಿ. ತಿರುವುಮುರುವಾದರೆ ಮುಂದಿನ ಸೀಲ್‌ನಿಂದ ಆಯಿಲ್ ಸೋರುತ್ತದೆ.

ಕೊನೆಗೆ ಕ್ಯಾಮನ್ನು ತಡೆದಿರುವ ಪಟ್ಟಿಯ ಬೋಲ್ಟ್‌ಗಳನ್ನು ಬಿಚ್ಚಿ ಕ್ಯಾಮನ್ನು ಎರಡೂ ಕೈಯಲ್ಲಿ ಹಿಡಿದು ನೇರವಾಗಿ, ತುಸು ತಿರುಗಿಸುತ್ತ ಎಳೆಯಿರಿ. ಅವಸರಪಟ್ಟರೆ ಲೋಬ್‌ನ ಚೂಪು ಅಂಚು ಒಳಗಿನ ಮೂರು ಬಿಳಿಲೋಹದ ಬೇರಿಂಗ್‌ಗಳನ್ನು ಕೆರೆದುಬಿಡುತ್ತದೆ. ಬೇರಿಂಗ್ ಸವೆದಿದ್ದರೆ ಬದಲಿಸುವುದು ಎಂಜಿನ್ ಬೋರಿಂಗ್ ವರ್ಕ್‌ಶಾಪಿನವರ ಕೆಲಸ. ಮೂರನ್ನೂ ಒಂದೇ ನೇರಕ್ಕೆ ರೀಮ್ ಮಾಡಬೇಕು, ಆಯಿಲ್ ತೂತುಗಳು ಬ್ಲಾಕ್‌ನ ತೂತುಗಳಿಗೆ ಸರಿಹೊಂದಬೇಕು.

ಹಂತ 6: ಜೋಡಿಸುವುದು

ಬ್ಲಾಕನ್ನು ತೊಳೆದು ಆಯಿಲ್ ದಾರಿಗಳಿಗೆ ಗಾಳಿ ಹೊಡೆಸಿ. ಹೊಸ ಟ್ಯಾಪೆಟ್ ಪ್ರತಿಯೊಂದೂ ತನ್ನ ತೂತಿನಲ್ಲಿ ಬೆರಳಿನಿಂದ ಸರಾಗವಾಗಿ ತಿರುಗಬೇಕು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಲೋಬ್‌ಗಳಿಗೂ ಟ್ಯಾಪೆಟ್‌ನ ತಳಕ್ಕೂ ಮಾಲಿಬ್ಡಿನಮ್ ಇರುವ ಕ್ಯಾಮ್ ಲೂಬ್ರಿಕೆಂಟನ್ನು ಧಾರಾಳವಾಗಿ ಬಳಿಯಿರಿ, ಬೇರಿಂಗ್‌ಗಳಿಗೆ ಎಂಜಿನ್ ಆಯಿಲ್ ಸಾಕು. ಚಕ್ರದ ಗ್ರೀಸ್ ಇದಕ್ಕೆ ಬದಲಿಯಲ್ಲ.

ಕ್ಯಾಮ್ ಕೂರಿಸಿ ತಡೆಪಟ್ಟಿ ಬಿಗಿದ ಮೇಲೆ ಹಿಂದುಮುಂದಿನ ಆಟವನ್ನು ಡಯಲ್ ಗೇಜ್‌ನಿಂದ ಅಳೆಯಿರಿ, 0.003ರಿಂದ 0.007 ಇಂಚಿನೊಳಗೆ ಇರಬೇಕು. ಬಳಿಕ 1 ಮತ್ತು 4ನೆಯ ಪಿಸ್ಟನ್ ಮೇಲ್ತುದಿಗೆ ಬರುವಂತೆ ಕ್ರ್ಯಾಂಕ್ ತಿರುಗಿಸಿ, ಎರಡು ಚಕ್ರಗಳ ಮೇಲಿರುವ ಚುಕ್ಕೆಗಳು ಎದುರುಬದುರಾಗಿ, ಎರಡರ ಕೇಂದ್ರಗಳನ್ನು ಸೇರಿಸುವ ಗೆರೆಯ ಮೇಲೆ ಬರುವಂತೆ ಚೈನ್ ಸಮೇತ ಕೂರಿಸಿ. ಚಕ್ರ ಹೊಸದಾಗಿದ್ದರೆ ಎರಡರ ಮುಖಕ್ಕೂ ಉಕ್ಕಿನ ಸ್ಕೇಲ್ ಹಿಡಿದು ಒಂದೇ ಮಟ್ಟದಲ್ಲಿವೆಯೇ ನೋಡಿ. ಇಲ್ಲದಿದ್ದರೆ ಕ್ರ್ಯಾಂಕ್ ಚಕ್ರದ ಹಿಂದಿನ ತೆಳು ತಗಡುಗಳನ್ನು ಹೆಚ್ಚುಕಡಿಮೆ ಮಾಡಬೇಕು. ಹ್ಯಾಂಡಲ್‌ನಿಂದ ಎಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸಿ ಚುಕ್ಕೆಗಳು ಮತ್ತೆ ಅಲ್ಲಿಗೇ ಬಂದವೆಂದು ಖಚಿತಪಡಿಸಿಕೊಳ್ಳದೆ ಕವರ್ ಮುಚ್ಚಬೇಡಿ. ಕವರ್‌ನ ಬೋಲ್ಟ್‌ಗಳನ್ನು ಬಿಗಿಯುವ ಮೊದಲು ಪುಲ್ಲಿಯನ್ನು ತೂರಿಸಿದರೆ ಸೀಲ್ ತಾನಾಗಿ ನಡುವಿಗೆ ಬರುತ್ತದೆ.

ಪಕ್ಕದ ತಗಡಿನ ಮುಚ್ಚಳಗಳನ್ನು ಬಲ ಹಾಕಿ ಬಿಗಿಯುವುದೇ ಅವು ಸೋರಲು ಮುಖ್ಯ ಕಾರಣ. ತಗಡು ಬಾಗುತ್ತದೆ, ಕಾರ್ಕ್ ಹಿಂಡಿಹೋಗುತ್ತದೆ. ಬೆರಳಲ್ಲಿ ಬಿಗಿದು, ಸ್ಪ್ಯಾನರಿನಲ್ಲಿ ಒಂದಿಷ್ಟು ತಾಗಿಸಿದರೆ ಸಾಕು.

ಹಂತ 7: ಮೊದಲ ಸ್ಟಾರ್ಟ್

ಹೊಸ ಕ್ಯಾಮ್‌ನ ಆಯುಷ್ಯ ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಈ ಎಂಜಿನ್‌ನಲ್ಲಿ ಲೋಬ್‌ಗಳಿಗೆ ಆಯಿಲ್ ಮುಖ್ಯವಾಗಿ ಎರಚಲಿನಿಂದಲೇ ಸಿಗುವುದು. ಐಡ್ಲಿಂಗ್‌ನಲ್ಲಿ ಎರಚಲು ಕಡಿಮೆ, ಸ್ಪ್ರಿಂಗ್‌ನ ಒತ್ತಡ ಮಾತ್ರ ಪೂರ್ತಿ. ಆದುದರಿಂದ ಸೆಲ್ಫ್ ಹೊಡೆದೊಡನೆ ಎಂಜಿನ್ ಹೊತ್ತಿಕೊಳ್ಳುವಂತೆ ಎಲ್ಲವನ್ನೂ ಮೊದಲೇ ಸಜ್ಜುಗೊಳಿಸಿ: 1ನೆಯ ಸಿಲಿಂಡರ್ ಕಂಪ್ರೆಷನ್‌ನಲ್ಲಿರುವಾಗ, ಅಂದರೆ 7 ಮತ್ತು 8ನೆಯ ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ತೂಗಾಡುವ ಹೊತ್ತಿನಲ್ಲಿ, ಇಗ್ನಿಷನ್ ಟೈಮಿಂಗ್ ಇಡಿ, ಗ್ಯಾಪ್ ಇಡಿ, ಕಾರ್ಬ್ಯುರೇಟರ್‌ನ ಬೌಲ್‌ಗೆ ಪೆಟ್ರೋಲ್ ತುಂಬಿ, ರೇಡಿಯೇಟರ್ ತುಂಬಿ. ಆಯಿಲ್ ಪಂಪ್ ಕೂರಿಸುವಾಗಲೇ ಅದರೊಳಗೆ ಆಯಿಲ್ ತುಂಬಿಸಿರಬೇಕು. ಪ್ಲಗ್ ಇಲ್ಲದೆ ಸ್ವಲ್ಪ ಹೊತ್ತು ಮಾತ್ರ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬಂತೆಂದು ನೋಡಿ. ಸುಮ್ಮನೆ ಹೊಡೆಯುತ್ತಲೇ ಇದ್ದರೆ ಬಳಿದ ಲೂಬ್ರಿಕೆಂಟ್ ಒರೆಸಿಹೋಗುತ್ತದೆ.

ಸ್ಟಾರ್ಟ್ ಆದ ಕೂಡಲೇ ವೇಗವನ್ನು 2000 ಆರ್‌ಪಿಎಂಗೆ ಏರಿಸಿ, 2000ದಿಂದ 2500ರ ನಡುವೆ ಏರಿಳಿಸುತ್ತ 20 ನಿಮಿಷ ಓಡಿಸಿ. ನೀರು ಕುದಿಯುವಂತಾದರೆ ಅಥವಾ ಪ್ರೆಷರ್ ಬೀಳುವಂತಾದರೆ ನಿಲ್ಲಿಸಿ, ಕಾರಣ ಸರಿಪಡಿಸಿ, ಉಳಿದ ನಿಮಿಷಗಳನ್ನು ಮುಂದುವರಿಸಿ. ಐಡ್ಲಿಂಗ್‌ನಲ್ಲಿ ಬಿಟ್ಟು ಯೋಚಿಸುತ್ತ ನಿಲ್ಲಬೇಡಿ. ನೋಡಲು ಬಂದ ನೆರೆಯವರು ಎಂಜಿನ್ ಕಿರುಚುತ್ತಿದೆ, ಇಳಿಸಿ ಎನ್ನುತ್ತಾರೆ, ಕಿವಿಗೊಡಬೇಡಿ.

ಆಯಿಲ್ ಆಯ್ಕೆಯಲ್ಲಿ ನೋಡಬೇಕಾದ್ದು ಝಿಂಕ್ ಮತ್ತು ರಂಜಕದ ಅಂಶ. ಲೋಬ್ ಮತ್ತು ಟ್ಯಾಪೆಟ್‌ನ ನಡುವೆ ಆಯಿಲ್ ಪದರ ಹರಿದಾಗ ಲೋಹವನ್ನು ಕಾಯುವುದು ಈ ಮಿಶ್ರಣವೇ. ಹೊಸ ಕಾರುಗಳ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಅವುಗಳ ತೆಳು ಆಯಿಲ್‌ಗಳಲ್ಲಿ ಇದನ್ನು ತಗ್ಗಿಸಿದ್ದಾರೆ. ಶೋರೂಮಿನವರು ಅತ್ಯುತ್ತಮವೆಂದು ಕೊಡುವ ದುಬಾರಿ ಸಿಂಥೆಟಿಕ್ ನಿಮ್ಮ ಗಾಡಿಗೆ ಹೊಂದದಿರಲು ಇದೂ ಒಂದು ಕಾರಣ. 20ಡಬ್ಲ್ಯೂ-50 ಮಿನರಲ್ ಆಯಿಲ್ ತೆಗೆದುಕೊಂಡು, ಕಂಪನಿಯ ಮಾಹಿತಿಪತ್ರದಲ್ಲಿ ಝಿಂಕ್ 1000ದಿಂದ 1200 ಪಿಪಿಎಂ ಆಸುಪಾಸು ಇದೆಯೇ ಎಂದು ನೋಡಿ.

ಓಡಿಸಿ ಮುಗಿದ ಅದೇ ದಿನ, ಆಯಿಲ್ ಬಿಸಿಯಿರುವಾಗಲೇ ಬಸಿದು ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರ್‌ನ ಕಾಗದ ಬಿಡಿಸಿ ಅಯಸ್ಕಾಂತ ಆಡಿಸಿದಾಗ ಬೂದಿಯಂಥ ನುಣುಪು ಪುಡಿ ಬಂದರೆ ಸಹಜ; ಹೊಳೆಯುವ ಚಕ್ಕೆ ಬಂದರೆ ಪಕ್ಕದ ಮುಚ್ಚಳ ತೆಗೆದು ಲೋಬ್‌ಗಳನ್ನು ಮತ್ತೆ ನೋಡಲೇಬೇಕು. 500 ಕಿ.ಮೀ. ಆದ ಮೇಲೆ ಹೆಡ್‌ನ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಪರೀಕ್ಷಿಸಿ, ಗ್ಯಾಪ್ ಮರುಹೊಂದಿಸಿ, ಆಯಿಲ್ ಇನ್ನೊಮ್ಮೆ ಬದಲಿಸಿ. ಅಲ್ಲಿಯವರೆಗೆ ಆಗುಂಬೆ, ಹುಲಿಕಲ್ ಘಾಟಿಗಳನ್ನು ತುಂಬಿದ ಗಾಡಿಯಲ್ಲಿ ಏರಿಸದಿರುವುದು ಒಳ್ಳೆಯದು. ಮಳೆಗಾಲದಲ್ಲಿ ಶೆಡ್ಡಿನೊಳಗೆ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುವ ಅಭ್ಯಾಸದಿಂದ ತೇವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅದರ ಬದಲು ಹದಿನೈದು ದಿನಕ್ಕೊಮ್ಮೆ ಮಳೆ ಹೊಳವಾದ ದಿನ ನೋಡಿ, ಆಯಿಲ್ ಚೆನ್ನಾಗಿ ಕಾಯುವಂತೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಓಡಿಸಿ ತನ್ನಿ.